ವೋಲ್ಟೇಜ್ ಇಳಿದಾಗ ಇಸ್ತ್ರಿ ಪೆಟ್ಟಿಗೆ ಎಳೆಯುವ ಆಂಪಿಯರ್ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ?

ಜೀನ್ಸ್ ಇಸ್ತ್ರಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಕೌಲ್‌ಬಜಾರ್‌ನಲ್ಲಿ ಜೀನ್ಸ್ ಪ್ಯಾಂಟ್‌ಗಳಿಗೆ ಇಸ್ತ್ರಿ ಹಾಕಿ, ಮಡಚಿ, ಕಟ್ಟು ಕಟ್ಟಿಕೊಡುವುದು ನಮ್ಮ ಕೆಲಸ. ಮನೆಯ ಹಿಂದಿನ ತಗಡಿನ ಶೆಡ್‌ನಲ್ಲಿ ಎರಡು ಇಸ್ತ್ರಿ ಪೆಟ್ಟಿಗೆಗಳಿವೆ. ಎರಡರ ಮೇಲೂ 230 ವೋಲ್ಟ್, 1000 ವ್ಯಾಟ್ ಎಂದು ಬರೆದಿದೆ. ಬಟ್ಟೆ ಒಗೆಯುವ ಘಟಕದಿಂದ ಮಾಲು ಬರುವುದೇ ಮಧ್ಯಾಹ್ನದ ಮೇಲೆ. ಸೊಂಟಪಟ್ಟಿಯಲ್ಲಿ, ಜೇಬಿನ ಹೊಲಿಗೆಯಲ್ಲಿ ಇನ್ನೂ ಹಸಿ ಇರುತ್ತದೆ. ರಾತ್ರಿ ಅದೆಲ್ಲವೂ ಲಾರಿಗೆ ಹೋಗಬೇಕು. ಪೆಟ್ಟಿಗೆ ಚೆನ್ನಾಗಿ ಕಾಯಬೇಕಾದ ಹೊತ್ತೂ ಸಂಜೆಯೇ, ವೋಲ್ಟೇಜ್ ಇಳಿಯುವ ಹೊತ್ತೂ ಸಂಜೆಯೇ.

ಹಗಲಿನಲ್ಲಿ ಪೆಟ್ಟಿಗೆಯ ಕೆಂಪು ದೀಪ ಆಗಾಗ ಆರಿ ಹತ್ತುತ್ತದೆ. ಸಂಜೆ ಅದು ಆರುವುದೇ ಇಲ್ಲ, ಆದರೂ ಡೆನಿಮ್‌ನ ಸುಕ್ಕು ಬಿಡುವುದಿಲ್ಲ. ವೈರಿಂಗ್ ಮಾಡುವ ಒಬ್ಬರನ್ನು ಕರೆಸಿದೆ. ಅವರು ಹೇಳಿದ್ದು ಇಷ್ಟು: "ವೋಲ್ಟೇಜ್ ಕಡಿಮೆಯಾದರೆ ಪೆಟ್ಟಿಗೆ ಹೆಚ್ಚು ಆಂಪಿಯರ್ ಎಳೆಯುತ್ತದೆ, ಬಿಲ್ಲೂ ಏರುತ್ತದೆ. 5 ಕೆವಿಎ ಸ್ಟೆಬಿಲೈಸರ್ ಹಾಕಿಸಿ, ಬೇರೆ ದಾರಿಯಿಲ್ಲ."

ಹಣ ಕೊಡುವ ಮೊದಲು ಅಳೆದು ನೋಡೋಣ ಎಂದು ತಮ್ಮನಿಂದ ಕ್ಲ್ಯಾಂಪ್ ಮೀಟರ್ ತಂದೆ. ಫ್ಯಾನ್, ದೀಪ ಎಲ್ಲವನ್ನೂ ಆರಿಸಿ ಶೆಡ್‌ನ ಸಾಕೆಟ್‌ನಲ್ಲಿ ಅಳೆದಿದ್ದೇನೆ. ಹಗಲಿನಲ್ಲಿ ಪೆಟ್ಟಿಗೆಗಳು ಬಂದ್ ಇದ್ದಾಗ 224 ವೋಲ್ಟ್, ಎರಡೂ ಚಾಲೂ ಇದ್ದಾಗ 203 ವೋಲ್ಟ್, ಎರಡೂ ಸೇರಿ 7.7 ಆಂಪಿಯರ್. ಸಂಜೆ ಬಂದ್ ಇದ್ದಾಗ 190 ವೋಲ್ಟ್, ಚಾಲೂ ಇದ್ದಾಗ 172 ವೋಲ್ಟ್, 6.5 ಆಂಪಿಯರ್. ಪ್ಲಗ್ ಕಿತ್ತು, ತಣ್ಣಗಿರುವ ಒಂದು ಪೆಟ್ಟಿಗೆಯ ಪಿನ್‌ಗಳ ನಡುವೆ ರೋಧ ಅಳೆದಾಗ 52 ಓಮ್ ತೋರಿಸಿತು.

ಸಂಜೆ ಆಂಪಿಯರ್ ಇಳಿದಿದೆ, ಏರಿಲ್ಲ. ಹಾಗಾದರೆ ಅವರು ಹೇಳಿದ್ದು ಸರಿಯೋ, ಮೀಟರ್ ತೋರಿಸಿದ್ದು ಸರಿಯೋ? ನನ್ನ ಪೆಟ್ಟಿಗೆಗೆ ಸಂಜೆ ನಿಜವಾಗಿ ಎಷ್ಟು ವ್ಯಾಟ್ ಸಿಗುತ್ತಿದೆ? ಓಮ್‌ನ ನಿಯಮವನ್ನು ಹತ್ತನೇ ತರಗತಿಯಲ್ಲಿ ಓದಿದ್ದೇನೆ. ಲೆಕ್ಕದ ದಾರಿ ತೋರಿಸಿದರೆ ಮುಂದೆ ನಾನೇ ಮಾಡಿಕೊಳ್ಳುತ್ತೇನೆ.

ಐಟಿಐ ವಿದ್ಯಾರ್ಥಿ, ಸಿರುಗುಪ್ಪ

ಅಕ್ಕ, ವ್ಯಾಟ್ = ವೋಲ್ಟ್ × ಆಂಪಿಯರ್. ಪೆಟ್ಟಿಗೆ 1000 ವ್ಯಾಟಿನದು. 1000 ÷ 230 ಅಂದರೆ 4.35 ಆಂಪಿಯರ್. 1000 ÷ 172 ಅಂದರೆ 5.8 ಆಂಪಿಯರ್. ವೋಲ್ಟೇಜ್ ಇಳಿದರೆ ಆಂಪಿಯರ್ ಏರಲೇಬೇಕು. ಕ್ಲ್ಯಾಂಪ್ ಮೀಟರ್‌ನ ಬ್ಯಾಟರಿ ಒಮ್ಮೆ ನೋಡಿ.

ಶಕ್ತಿನಗರ ನಿವೃತ್ತ

ತಂಗಿ, ನಿಮ್ಮ ಮೀಟರ್ ಸರಿಯಾಗಿದೆ. ನೀವು ಅಳೆದ ರೀತಿಯೂ ಸರಿಯಾಗಿದೆ. ಕೆಲಸದಲ್ಲಿದ್ದಾಗ ಇಷ್ಟು ಅಚ್ಚುಕಟ್ಟಾಗಿ ಅಳತೆ ಬರೆದು ತರುವವರು ಸಿಕ್ಕರೆ ನನಗೆ ಅರ್ಧ ಕೆಲಸ ಮುಗಿದಂತೆ ಆಗುತ್ತಿತ್ತು.

ಸಿರುಗುಪ್ಪದ ತಮ್ಮ, ನಿನ್ನ ಸೂತ್ರ ಸರಿ. ಆದರೆ 1000 ವ್ಯಾಟ್ ಎಂಬುದು ಪೆಟ್ಟಿಗೆಯಲ್ಲಿ ಎಂದೂ ಬದಲಾಗದ ಗುಣ ಎಂದು ಹಿಡಿದಿದ್ದೀಯ. ಅದು ಹಾಗಲ್ಲ. 230 ವೋಲ್ಟ್ ಕೊಟ್ಟರೆ ಮಾತ್ರ 1000 ವ್ಯಾಟ್, ಫಲಕದ ಮೇಲಿನ ಬರಹದ ಅರ್ಥ ಅಷ್ಟೇ. ಇಸ್ತ್ರಿ ಪೆಟ್ಟಿಗೆಯೊಳಗೆ ಹೆಚ್ಚು ಕಡಿಮೆ ಬದಲಾಗದೆ ಇರುವುದು ಕಾಯಿಲ್‌ನ ರೋಧ. ಲೆಕ್ಕವನ್ನು ಅಲ್ಲಿಂದ ಶುರುಮಾಡಬೇಕು.

ಫಲಕದಿಂದ ರೋಧ ತೆಗೆಯೋಣ. ರೋಧ = ವೋಲ್ಟ್ ÷ ಆಂಪಿಯರ್, ಆಂಪಿಯರ್ = ವ್ಯಾಟ್ ÷ ವೋಲ್ಟ್, ಆದ್ದರಿಂದ ರೋಧ = ವೋಲ್ಟ್ × ವೋಲ್ಟ್ ÷ ವ್ಯಾಟ್. 230 × 230 ÷ 1000 = 52.9 ಓಮ್. ತಂಗಿಯ ಮೀಟರ್ ತೋರಿಸಿದ್ದು 52. ಎರಡು ಪೆಟ್ಟಿಗೆಗಳು ಒಂದೇ ಬೋರ್ಡಿನಲ್ಲಿ ಸಮಾಂತರವಾಗಿರುವುದರಿಂದ ಎರಡೂ ಸೇರಿದ ರೋಧ ಅದರ ಅರ್ಧ, ಸುಮಾರು 26.5 ಓಮ್. ಈಗ ಚಾಲೂ ಇದ್ದಾಗಿನ ಅಂಕಿಗಳನ್ನು ಭಾಗಿಸಿ ನೋಡಿ. ಹಗಲಿನಲ್ಲಿ 203 ÷ 7.7 = 26.4 ಓಮ್. ಸಂಜೆ 172 ÷ 6.5 = 26.5 ಓಮ್. ವೋಲ್ಟೇಜ್ ಎಷ್ಟೇ ಬದಲಾದರೂ ರೋಧ ಬದಲಾಗಲಿಲ್ಲ. ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇದೇ, ತಂಗಿ. ಕೌಲ್‌ಬಜಾರ್‌ನ ತಗಡಿನ ಶೆಡ್‌ನಲ್ಲಿ ನೀವೇ ಅದನ್ನು ಅಳೆದು ತೋರಿಸಿದ್ದೀರಿ.

ಸಾಮರ್ಥ್ಯಕ್ಕೆ ಬರೋಣ. ಹಗಲಿನಲ್ಲಿ 203 × 7.7 ಅಂದರೆ ಸುಮಾರು 1560 ವ್ಯಾಟ್. ಸಂಜೆ 172 × 6.5 ಅಂದರೆ ಸುಮಾರು 1120 ವ್ಯಾಟ್. ಇದು ಎರಡು ಪೆಟ್ಟಿಗೆಗಳ ಒಟ್ಟು ಲೆಕ್ಕ. ಅಂದರೆ ಸಂಜೆ ಒಂದೊಂದಕ್ಕೆ ಸಿಗುತ್ತಿರುವುದು 560 ವ್ಯಾಟ್. ಫಲಕದ 230 ವೋಲ್ಟ್, 1000 ವ್ಯಾಟ್‌ಗೆ ಹೋಲಿಸಿದರೆ ವೋಲ್ಟೇಜ್ ನೂರಕ್ಕೆ 25ರಷ್ಟು ಇಳಿದಿದೆ, ಶಾಖ ನೂರಕ್ಕೆ 44ರಷ್ಟು ಇಳಿದಿದೆ. ವೋಲ್ಟೇಜ್ ಇಳಿದಾಗ ಆಂಪಿಯರ್ ಕೂಡ ಅಷ್ಟೇ ಪಾಲು ಇಳಿಯುತ್ತದೆ. ಇಳಿದ ಎರಡನ್ನೂ ಗುಣಿಸುವುದರಿಂದ ಪೆಟ್ಟು ಎರಡು ಸಲ ಬೀಳುತ್ತದೆ. ಕೆಂಪು ದೀಪ ಆರದಿರುವುದಕ್ಕೆ ಕಾರಣವೂ ಇದೇ. ಥರ್ಮೋಸ್ಟಾಟ್ ಕಡಿಯಬೇಕಾದಷ್ಟು ಬಿಸಿಯನ್ನು ಪೆಟ್ಟಿಗೆ ಮುಟ್ಟುತ್ತಿಲ್ಲ.

ಹಸಿ ಬಟ್ಟೆಯ ಮಾತು ಹೇಳಿದ್ದೀರಿ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಒಂದು ಲೀಟರ್ ನೀರನ್ನು ಕಾಯಿಸಿ ಪೂರ್ತಿ ಆವಿ ಮಾಡಲು ಸುಮಾರು 0.7 ಯೂನಿಟ್ ಬೇಕು (1000 ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್). ಪೂರ್ತಿ 1000 ವ್ಯಾಟ್ ಸಿಕ್ಕ ಪೆಟ್ಟಿಗೆ ಒಂದು ಗಂಟೆಯಲ್ಲಿ ಹೆಚ್ಚೆಂದರೆ 1.4 ಲೀಟರ್ ನೀರನ್ನು ಓಡಿಸಬಲ್ಲದು. ನಿಮ್ಮ ಸಂಜೆಯ ಪೆಟ್ಟಿಗೆ 0.8 ಲೀಟರ್ ಕೂಡ ಓಡಿಸಲಾರದು. ಹಾಗಾಗಿ ಮಾಲು ಬಂದ ಕೂಡಲೇ ಪ್ಯಾಂಟ್‌ಗಳನ್ನು ಒಳಮಗ್ಗುಲು ತಿರುವಿ ಬಿಸಿಲಿಗೆ ಹರವಿ. ಬಳ್ಳಾರಿಯ ಬಿಸಿಲು ಆ ಕೆಲಸವನ್ನು ದುಡ್ಡಿಲ್ಲದೆ ಮಾಡಿಕೊಡುತ್ತದೆ.

ಆದರೆ ನನಗೆ ಚಿಂತೆ ಹತ್ತಿಸಿದ್ದು ನೀವು ಬರೆದ ಬೇರೊಂದು ಅಂಕಿ. ಹಗಲಿನಲ್ಲಿ ಬಂದ್ ಇದ್ದಾಗ 224, ಚಾಲೂ ಮಾಡಿದ ಕೂಡಲೇ 203. ಈ 21 ವೋಲ್ಟ್ ಎಲ್ಲಿ ಹೋಯಿತು? ನಿಮ್ಮ ಸಾಕೆಟ್‌ಗೆ ಬರುವ ದಾರಿಯಲ್ಲಿ ಎಲ್ಲೋ ಉಳಿದುಹೋಯಿತು. 21 ÷ 7.7 = 2.7 ಓಮ್. ಸಂಜೆಯ ಅಂಕಿಯಿಂದ ನೋಡಿದರೂ 18 ÷ 6.5, ಅದೇ 2.7ರ ಆಸುಪಾಸು. ಎರಡು ಹೊತ್ತಿನಲ್ಲೂ ಒಂದೇ ಉತ್ತರ ಬಂದಿರುವುದರಿಂದ ಇದು ಊರಿನ ವೋಲ್ಟೇಜ್ ಏರಿಳಿತವಲ್ಲ, ದಾರಿಯಲ್ಲಿರುವ ನಿಜವಾದ ರೋಧ. ಅದರಲ್ಲಿ ಹಗಲಿನಲ್ಲಿ 21 × 7.7 ಅಂದರೆ 160 ವ್ಯಾಟ್ ಶಾಖ ಹುಟ್ಟುತ್ತಿದೆ. ವೋಲ್ಟೇಜ್ ಎಲ್ಲಿ ಕಳೆಯುತ್ತದೆಯೋ ಶಾಖ ಅಲ್ಲೇ ಹುಟ್ಟುತ್ತದೆ. ಆ ಜಾಗ ಯಾವುದು ಎಂದು ಹುಡುಕಲೇಬೇಕು.

ಮೀಟರ್ ಬೋರ್ಡಿನಿಂದ ಶೆಡ್‌ಗೆ ಎಷ್ಟು ದೂರ, ಯಾವ ದಪ್ಪದ ವೈರ್, ಎರಡು ಪೆಟ್ಟಿಗೆಗಳು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿವೆಯೇ, ತಿಳಿಸಿ. ವೈರಿಂಗ್ ಬಲ್ಲವರಿಂದ ಮೀಟರ್ ಬೋರ್ಡಿನಲ್ಲಿಯೇ, ಮುಖ್ಯ ಸ್ವಿಚ್ಚಿನ ಬಳಿ, ಪೆಟ್ಟಿಗೆಗಳು ಬಂದ್ ಇದ್ದಾಗ ಒಮ್ಮೆ, ಚಾಲೂ ಇದ್ದಾಗ ಒಮ್ಮೆ ವೋಲ್ಟೇಜ್ ಅಳೆಸಿ. ಅಲ್ಲಿ ನೀವೇ ಕೈ ಹಾಕಬೇಡಿ.

ದಾಳಿಂಬೆ ತೋಟ, ಕುಷ್ಟಗಿ

ಅಕ್ಕ, ವೈರಿಂಗ್‌ನವರು ಹೇಳಿದ್ದು ಅವರ ಮನಸ್ಸಿನಿಂದ ಹುಟ್ಟಿದ ಮಾತಲ್ಲ. ಮೋಟರ್ ವಿಷಯದಲ್ಲಿ ಅದು ಅಕ್ಷರಶಃ ನಿಜ, ಆ ನಿಜ ನನಗೆ ಸುಟ್ಟ ವೈಂಡಿಂಗ್‌ಗಳ ಬೆಲೆಯಲ್ಲಿ ಗೊತ್ತಾಗಿದೆ. ನನ್ನ ಬೋರ್‌ವೆಲ್‌ನಲ್ಲಿ 5 ಎಚ್‌ಪಿ ಸಬ್‌ಮರ್ಸಿಬಲ್ ಇದೆ. ಮೂರು ಫೇಸ್‌ಗಳ ನಡುವೆ 415 ವೋಲ್ಟ್ ಇದ್ದಾಗ 8 ಆಂಪಿಯರ್ ಎಳೆಯುತ್ತದೆ. 350ಕ್ಕೆ ಇಳಿದಾಗ ಒಂಬತ್ತೂವರೆ ಮುಟ್ಟುತ್ತದೆ. ನೀರನ್ನು ಅದೇ ಆಳದಿಂದ ಎತ್ತಬೇಕು, ಮೋಟರ್ ಹೆಚ್ಚು ಕಡಿಮೆ ಅದೇ ವೇಗದಲ್ಲಿ ತಿರುಗುತ್ತದೆ, ಕೆಲಸ ಕಡಿಮೆಯಾಗುವುದಿಲ್ಲ. ವೋಲ್ಟೇಜಿನಲ್ಲಿ ಬಂದ ಕೊರತೆಯನ್ನು ಆಂಪಿಯರ್‌ನಲ್ಲಿ ತುಂಬಿಕೊಳ್ಳುತ್ತದೆ. ವೈಂಡಿಂಗ್‌ನಲ್ಲಿ ಹುಟ್ಟುವ ಶಾಖ ಆಂಪಿಯರ್‌ನ ವರ್ಗದಂತೆ ಏರುವುದರಿಂದ ಎಂಟು ಒಂಬತ್ತೂವರೆಯಾದರೆ ಶಾಖ ನೂರಕ್ಕೆ 40ರಷ್ಟು ಹೆಚ್ಚಾಯಿತು.

ಮೋಟರ್‌ಗೆ ವೋಲ್ಟ್ ಭಾಗಿಸು ಆಂಪಿಯರ್ ಎಂದು ರೋಧ ತೆಗೆಯಲೂಬಾರದು, ಬರಿಯ ವೋಲ್ಟ್ ಗುಣಿಸು ಆಂಪಿಯರ್ ಎಂದು ವ್ಯಾಟ್ ತೆಗೆಯಲೂಬಾರದು. ಮೂರು ಫೇಸ್ ಆದ್ದರಿಂದ 1.732ರಿಂದಲೂ ಪವರ್ ಫ್ಯಾಕ್ಟರ್‌ನಿಂದಲೂ (ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, ಇಲ್ಲಿ 0.8) ಗುಣಿಸಬೇಕು. 1.732 × 415 × 8 × 0.8 ಅಂದರೆ ಸುಮಾರು 4600 ವ್ಯಾಟ್. 5 ಎಚ್‌ಪಿ ಎಂದರೆ 3730 ವ್ಯಾಟ್, ಉಳಿದದ್ದು ಮೋಟರ್‌ನೊಳಗೇ ಶಾಖವಾಗುತ್ತದೆ. ನಿಮ್ಮ ಬೀದಿಯಲ್ಲಿ ಹೊಲಿಗೆ ಯಂತ್ರದ ಮೋಟರ್ ಇಟ್ಟುಕೊಂಡವರಿಗೆ ಇದನ್ನು ಹೇಳಿ. ಸಂಜೆಯ ವೋಲ್ಟೇಜ್ ನಿಮ್ಮ ಇಸ್ತ್ರಿ ಪೆಟ್ಟಿಗೆಯನ್ನು ತಣ್ಣಗೆ ಮಾಡುತ್ತದೆ, ಅವರ ಮೋಟರನ್ನು ಬಿಸಿ ಮಾಡುತ್ತದೆ.

ಪಿಯುಸಿ ವಿಜ್ಞಾನ, ಗಂಗಾವತಿ

ಶಕ್ತಿನಗರದ ಸರ್, ನಡುವೆ ಒಂದು ಪ್ರಶ್ನೆ. ನೀವು ಫಲಕದಿಂದ ತೆಗೆದ ರೋಧವೂ ಮೀಟರ್ ತೋರಿಸಿದ ರೋಧವೂ ಇಸ್ತ್ರಿ ಪೆಟ್ಟಿಗೆಯಲ್ಲಿ ಹೊಂದಿಕೊಂಡವು. ನಾನು ಮನೆಯಲ್ಲಿದ್ದ ಹಳೆಯ 100 ವ್ಯಾಟ್ ತಂತಿ ಬಲ್ಬಿಗೆ ಅದೇ ಲೆಕ್ಕ ಮಾಡಿದೆ. 230 × 230 ÷ 100 = 529 ಓಮ್ ಬರಬೇಕು. ಮಲ್ಟಿಮೀಟರ್ 39 ಓಮ್ ತೋರಿಸುತ್ತದೆ. ಬಲ್ಬ್ ಸರಿಯಾಗಿಯೇ ಉರಿಯುತ್ತದೆ. ಹೀಗೇಕೆ?

ಶಕ್ತಿನಗರ ನಿವೃತ್ತ

ಒಳ್ಳೆಯ ಪ್ರಶ್ನೆ, ತಮ್ಮ. ಎರಡು ಅಂಕಿಗಳೂ ನಿಜ. ನೀನು ಅಳೆದದ್ದು ತಣ್ಣಗಿರುವ ಟಂಗ್‌ಸ್ಟನ್ ತಂತಿಯನ್ನು. ಉರಿಯುವಾಗ ಅದು ಸುಮಾರು 2500 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅಷ್ಟು ಕಾದ ಟಂಗ್‌ಸ್ಟನ್‌ನ ರೋಧ ತಣ್ಣಗಿದ್ದಾಗಿನದಕ್ಕಿಂತ ಹದಿಮೂರು ಹದಿನಾಲ್ಕು ಪಟ್ಟು. 39ನ್ನು 529ರ ಜೊತೆ ಹೋಲಿಸಿದರೆ ಸರಿಯಾಗಿ ಅಷ್ಟೇ ಸಿಗುತ್ತದೆ. ಇಸ್ತ್ರಿ ಪೆಟ್ಟಿಗೆಯ ಕಾಯಿಲ್ ನಿಕ್ರೋಮ್, ಅಂದರೆ ನಿಕ್ಕಲ್ ಮತ್ತು ಕ್ರೋಮಿಯಂ ಬೆರಕೆ. ಕೆಂಪಗೆ ಕಾದರೂ ಅದರ ರೋಧ ನೂರಕ್ಕೆ ಹತ್ತರಷ್ಟೂ ಏರುವುದಿಲ್ಲ. ಶಾಖ ಕೊಡುವ ಉಪಕರಣಗಳಿಗೆ ಅದನ್ನು ಆರಿಸಿಕೊಳ್ಳುವುದಕ್ಕೆ ಅದೂ ಒಂದು ಕಾರಣ. ಓಮ್‌ನ ನಿಯಮ ಹೇಳುವಾಗ ಉಷ್ಣತೆ ಬದಲಾಗದಿದ್ದರೆ ಎಂಬ ಮಾತನ್ನು ನಿಮ್ಮ ಪುಸ್ತಕದಲ್ಲಿ ಸೇರಿಸಿರುವುದು ಇದಕ್ಕಾಗಿಯೇ. ಪರೀಕ್ಷೆಗೆಂದು ಬಾಯಿಪಾಠ ಮಾಡುವ ಹುಡುಗರು ಆ ಎರಡು ಪದಗಳನ್ನು ಬಿಟ್ಟುಬಿಡುತ್ತಾರೆ, ನೀನು ಬಿಡಬೇಡ.

ಇನ್ನೊಂದನ್ನು ನೀನೇ ಭಾಗಿಸಿ ನೋಡು. ಸ್ವಿಚ್ ಒತ್ತಿದ ಮೊದಲ ಕ್ಷಣದಲ್ಲಿ ತಂತಿ ಇನ್ನೂ ತಣ್ಣಗಿರುತ್ತದೆ. 230 ÷ 39 ಅಂದರೆ ಸುಮಾರು 6 ಆಂಪಿಯರ್ ನುಗ್ಗುತ್ತದೆ. ಕಾದ ಮೇಲೆ 230 ÷ 529, ಅರ್ಧ ಆಂಪಿಯರ್ ಕೂಡ ಇಲ್ಲ. ಹಳೆಯ ಬಲ್ಬುಗಳು ಉರಿಯುತ್ತಿರುವಾಗಲ್ಲ, ಹಾಕುವಾಗಲೇ ಹೆಚ್ಚಾಗಿ ಸುಡುತ್ತಿದ್ದವು.

ಜೀನ್ಸ್ ಇಸ್ತ್ರಿ, ಬಳ್ಳಾರಿ

ಅಣ್ಣನವರೇ, ನೀವು ಕೇಳಿದ್ದನ್ನೆಲ್ಲ ನೋಡಿಸಿದೆ. ಮೀಟರ್ ಬೋರ್ಡಿನಿಂದ ಶೆಡ್‌ಗೆ 25 ಮೀಟರ್. ವೈರ್ 1 ಚದರ ಮಿ.ಮೀ. ತಾಮ್ರದ್ದು. ಎರಡು ಪೆಟ್ಟಿಗೆಗಳೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿವೆ, ಅದರ ಪ್ಲಗ್ 6 ಆಂಪಿಯರ್‌ನದು. ಹಗಲಿನಲ್ಲಿ ಮೀಟರ್ ಬೋರ್ಡಿನಲ್ಲಿ ಪೆಟ್ಟಿಗೆಗಳು ಬಂದ್ ಇದ್ದಾಗ 224 ವೋಲ್ಟ್, ಚಾಲೂ ಇದ್ದಾಗ 218. ಅದೇ ಹೊತ್ತಿಗೆ ಶೆಡ್‌ನಲ್ಲಿ 203.

ಅಂದರೆ ಹೊರಗಿನಿಂದ ಬೋರ್ಡಿನವರೆಗೆ 6 ವೋಲ್ಟ್ ಕಳೆದಿದೆ, ಬೋರ್ಡಿನಿಂದ ಶೆಡ್‌ಗೆ 15. ನಾನೇ ಭಾಗಿಸಿದೆ: 15 ÷ 7.7 = 1.95 ಓಮ್. 25 ಮೀಟರ್ ವೈರ್‌ಗೆ ಇಷ್ಟು ರೋಧ ಇರುತ್ತದೆಯೇ? ಹಿತ್ತಲಿನ ಗೋಡೆಯ ಮೇಲೆ ವೈರನ್ನು ಜೋಡಿಸಿ ಟೇಪ್ ಸುತ್ತಿದ ಜಾಗ ಒಂದಿದೆ. ಟೇಪ್ ಕಪ್ಪಗಾಗಿ ಗಟ್ಟಿಯಾಗಿದೆ. ಅತ್ತೆಯವರು ಸಂಜೆ ಅಲ್ಲಿ ರಬ್ಬರ್ ಸುಟ್ಟ ವಾಸನೆ ಬರುತ್ತದೆ ಎಂದು ಮೊದಲಿನಿಂದಲೂ ಹೇಳುತ್ತಿದ್ದರು.

ಶಕ್ತಿನಗರ ನಿವೃತ್ತ

ಮುಖ್ಯ ಸ್ವಿಚ್ ಆರಿಸಿ, ಆ ಜಾಯಿಂಟನ್ನು ಇವತ್ತೇ ಬಿಚ್ಚಿಸಿ. ಅದಾಗುವವರೆಗೆ ಪೆಟ್ಟಿಗೆಗಳನ್ನು ಹಚ್ಚಬೇಡಿ. ಅತ್ತೆಯವರ ಮೂಗು ಹೇಳಿದ್ದೂ ನಿಮ್ಮ ಲೆಕ್ಕ ಹೇಳಿದ್ದೂ ಒಂದೇ.

1 ಚದರ ಮಿ.ಮೀ. ತಾಮ್ರದ ವೈರ್‌ಗೆ ಸಾವಿರ ಮೀಟರ್‌ಗೆ ಸುಮಾರು 18 ಓಮ್ ರೋಧ. ವಿದ್ಯುತ್ ಫೇಸ್‌ನಲ್ಲಿ ಹೋಗಿ ನ್ಯೂಟ್ರಲ್‌ನಲ್ಲಿ ಮರಳಬೇಕು, ಆದ್ದರಿಂದ ನಿಮ್ಮ 25 ಮೀಟರ್ ಲೆಕ್ಕದಲ್ಲಿ 50 ಮೀಟರ್ ಆಗುತ್ತದೆ. 0.9 ಓಮ್. 7.7 ಆಂಪಿಯರ್‌ಗೆ ಅದರಲ್ಲಿ 7 ವೋಲ್ಟ್ ಕಳೆಯಬಹುದು. ನಿಮ್ಮಲ್ಲಿ ಕಳೆದಿರುವುದು 15. ಉಳಿದ 8 ವೋಲ್ಟ್ ವೈರಿನದಲ್ಲ, ಜಾಯಿಂಟಿನದು ಮತ್ತು ಆ 6 ಆಂಪಿಯರ್ ಪ್ಲಗ್ಗಿನದು. 8 × 7.7 ಅಂದರೆ 60 ವ್ಯಾಟ್‌ಗೂ ಮೇಲೆ. ರೇಡಿಯೊ ರಿಪೇರಿ ಅಂಗಡಿಯಲ್ಲಿ ಸೀಸ ಕರಗಿಸುವ ಬೆಸುಗೆ ಕಡ್ಡಿಯಷ್ಟು ಶಾಖ ಒಂದೆರಡು ಇಂಚು ಟೇಪಿನೊಳಗೆ ದಿನವೂ ಹುಟ್ಟುತ್ತಿತ್ತು.

ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ನಮ್ಮ ಕೆಲಸದ ಬಹುಪಾಲು ಜಾಯಿಂಟ್‌ಗಳನ್ನು ಕಾಯುವುದೇ ಆಗಿತ್ತು. 210 ಮೆಗಾವ್ಯಾಟ್ ಘಟಕದ ಜನರೇಟರ್ 15.75 ಕಿಲೋವೋಲ್ಟ್‌ನಲ್ಲಿ 9,000 ಆಂಪಿಯರ್ ಕೊಡುತ್ತದೆ. ಅಂಥ ಕಡೆ ಬೋಲ್ಟ್ ಸಡಿಲಾಗಿ ಒಂದು ಓಮ್‌ನ ಲಕ್ಷದಲ್ಲೊಂದು ಭಾಗ ರೋಧ ಸೇರಿಕೊಂಡರೂ 800 ವ್ಯಾಟ್ ಶಾಖ ಒಂದೇ ಜಾಗದಲ್ಲಿ ಹುಟ್ಟುತ್ತದೆ. ಆ ಅಭ್ಯಾಸದಿಂದಲೇ ನಿಮ್ಮ 21 ವೋಲ್ಟ್ ಕಂಡ ಕೂಡಲೇ ನನಗೆ ಸುಮ್ಮನಿರಲು ಆಗಲಿಲ್ಲ.

ಸ್ಟೆಬಿಲೈಸರ್ ವಿಷಯ. ಸಂಜೆ 190 ವೋಲ್ಟ್ ಇರುವಾಗ ಇದೇ ವೈರಿನ ಕೊನೆಗೆ ಸ್ಟೆಬಿಲೈಸರ್ ಇಟ್ಟಿದ್ದರೆ, ಅದು ಪೆಟ್ಟಿಗೆಗಳಿಗೆ 230 ವೋಲ್ಟ್ ಒದಗಿಸಲು 2000 ವ್ಯಾಟನ್ನು ಎಳೆದೇ ಎಳೆಯುತ್ತಿತ್ತು. ಈಗ ಸಂಜೆ 6.5 ಇರುವ ಆಂಪಿಯರ್ 13ರ ಹತ್ತಿರ ಹೋಗುತ್ತಿತ್ತು. ಆಗ ನಿಮ್ಮ ವೈರಿಂಗ್‌ನವರ ಮಾತು ನಿಜವಾಗುತ್ತಿತ್ತು, ಏಕೆಂದರೆ ಸ್ಟೆಬಿಲೈಸರ್ ಮೋಟರ್‌ನಂತೆ ಕೊರತೆಯನ್ನು ಆಂಪಿಯರ್‌ನಲ್ಲಿ ತುಂಬಿಕೊಳ್ಳುತ್ತದೆ. ಜಾಯಿಂಟಿನ ಕಡೆ ಇರುವ ಸುಮಾರು ಒಂದು ಓಮ್‌ನಲ್ಲಿ (8 ÷ 7.7) ಹುಟ್ಟುವ ಶಾಖ ಆಂಪಿಯರ್ × ಆಂಪಿಯರ್ × ಓಮ್, ಅಂದರೆ 13 × 13 × 1, ಸುಮಾರು 170 ವ್ಯಾಟ್. ತಗಡಿನ ಶೆಡ್, ಒಳಗೆ ಹತ್ತಿ ಬಟ್ಟೆಯ ರಾಶಿ. ಮೊದಲು ದಾರಿ ಸರಿಮಾಡದೆ ಸ್ಟೆಬಿಲೈಸರ್ ತರಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಬೋರ್ಡಿನಿಂದ ಶೆಡ್‌ಗೆ ನಡುವೆ ಜೋಡಣೆಯಿಲ್ಲದ 4 ಚದರ ಮಿ.ಮೀ. ತಾಮ್ರದ ವೈರ್ ಎಳೆಸಿ, ಅದಕ್ಕೆ ತಕ್ಕ ಎಂಸಿಬಿ (ಆಂಪಿಯರ್ ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ. ಪೆಟ್ಟಿಗೆಗಳಿಗೆ ಬೇರೆ ಬೇರೆ 16 ಆಂಪಿಯರ್ ಸಾಕೆಟ್ ಇರಲಿ, ಅರ್ಥಿಂಗ್ ಕೂಡ ನೋಡಿಸಿ. ದಾರಿಯ ರೋಧ ಎರಡು ಓಮ್‌ನಿಂದ ಕಾಲು ಓಮ್‌ಗೂ ಕೆಳಗೆ ಬರುತ್ತದೆ.

ಜೀನ್ಸ್ ಇಸ್ತ್ರಿ, ಬಳ್ಳಾರಿ

ಜಾಯಿಂಟ್ ಬಿಚ್ಚಿಸಿದೆವು. ಒಳಗೆ ಒಂದು ಎಳೆ ಮಾತ್ರ ಹಿಡಿದುಕೊಂಡಿತ್ತು, ಉಳಿದವು ಸುಟ್ಟು ಕಪ್ಪಾಗಿದ್ದವು. ಅಷ್ಟು ಉದ್ದವನ್ನು ಕತ್ತರಿಸಿ ತೆಗೆದು, ಪ್ಲಗ್ ಬದಲಿಸಿ, ಹಳೆಯ ವೈರಿನಲ್ಲೇ ಹಗಲಿನಲ್ಲಿ ಒಮ್ಮೆ ಅಳೆದೆ. ಎರಡೂ ಚಾಲೂ ಇದ್ದಾಗ ಶೆಡ್‌ನಲ್ಲಿ 211 ವೋಲ್ಟ್, 8 ಆಂಪಿಯರ್. ಹೊಸ ವೈರ್ ಎಳೆಯಲು ಹೇಳಿದ್ದೇನೆ. ಬಿಲ್ಲಿನ ಮೇಲೆ ಇದರಿಂದ ಏನು ವ್ಯತ್ಯಾಸವಾಗುತ್ತದೆ? ಸಂಜೆ ಹೊರಗಿನಿಂದಲೇ 190 ಬರುವುದಕ್ಕೆ ಏನು ಮಾಡಲಿ?

ಶಕ್ತಿನಗರ ನಿವೃತ್ತ

ಸಂತೋಷ, ತಂಗಿ. ಮೀಟರ್ ದಾಟಿದ ಮೇಲೆ ವೈರಿನಲ್ಲಿ ಹುಟ್ಟುವ ಶಾಖ ನಿಮ್ಮ ಬಿಲ್ಲಿಗೆ ಸೇರುತ್ತದೆ, ಮೀಟರ್‌ನಿಂದ ಹೊರಗಿನದು ಸೇರುವುದಿಲ್ಲ. ಮೊದಲು ಒಳಗೆ 15 × 7.7, ಸುಮಾರು 115 ವ್ಯಾಟ್ ಹೋಗುತ್ತಿತ್ತು. ಪೆಟ್ಟಿಗೆಗಳು ಒಂಬತ್ತು ಗಂಟೆ ಬಿಡದೆ ಕಾದರೆ ಅದೇ ಒಂದು ಯೂನಿಟ್. ಹೊಸ ವೈರ್ ಹಾಕಿದ ಮೇಲೆ ಅದು 15 ವ್ಯಾಟ್‌ನ ಆಸುಪಾಸಿಗೆ ಇಳಿಯುತ್ತದೆ.

ಸಂಜೆಯ 190ಕ್ಕೆ ನಿಮ್ಮ ಶೆಡ್‌ನೊಳಗೆ ಔಷಧವಿಲ್ಲ, ವಿದ್ಯುತ್ ಕಂಪನಿಯ ಉಪವಿಭಾಗದ ಕಚೇರಿಗೆ ಅರ್ಜಿ ಕೊಡಬೇಕು. ಮೀಟರ್ ಬೋರ್ಡಿನ ವೋಲ್ಟೇಜನ್ನು ತಾರೀಕು, ಸಮಯ ಹಾಕಿ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾ ಬನ್ನಿ, ಪೆಟ್ಟಿಗೆಗಳು ಬಂದ್ ಇದ್ದಾಗಿನದನ್ನೂ ಚಾಲೂ ಇದ್ದಾಗಿನದನ್ನೂ ಬೇರೆ ಬೇರೆ ಕಾಲಮ್‌ನಲ್ಲಿ. ಅಕ್ಕಪಕ್ಕದ ಮನೆಯವರ ಬೋರ್ಡಿನ ಅಂಕಿಯನ್ನೂ ಅದೇ ಹೊತ್ತಿನದು ಸೇರಿಸಿ. ಅವರಲ್ಲಿ 220 ಇದ್ದು ನಿಮ್ಮಲ್ಲಿ ಮಾತ್ರ 190 ಇದ್ದರೆ ಕಂಬದಿಂದ ನಿಮ್ಮ ಮನೆಗೆ ಬರುವ ಸರ್ವಿಸ್ ವೈರ್ ನೋಡಿಸಬೇಕು. ಎಲ್ಲರಲ್ಲೂ 190 ಇದ್ದರೆ ಟ್ರಾನ್ಸ್‌ಫಾರ್ಮರ್ ಮೇಲಿನ ಹೊರೆ ಅಥವಾ ಲೈನಿನ ಉದ್ದ. ಅರ್ಜಿಯಲ್ಲಿ ಶೆಡ್‌ನ ಅಂಕಿ ಬರೆಯಬೇಡಿ, ಬೋರ್ಡಿನ ಅಂಕಿಯನ್ನೇ ಬರೆಯಿರಿ. ಬೋರ್ಡಿನಿಂದಾಚೆ ಕಳೆದದ್ದಕ್ಕೆ ಅವರು ಉತ್ತರ ಕೊಡಬೇಕು, ಈಚೆಯದು ನಿಮ್ಮದು.